ಒಬ್ಬಾಕಿಗೆ ಒಂದ ಸಾಲು

ಅಥವಾ ರೇಣುಕಾ ಮಿಸ್ ಬಳಿ ಸೀಟಿ ಇರಲೇ ಇಲ್ಲವೇನೋ. ಎರಡು ಬೆರಳು ಬಾಯಿಗಿಟ್ಟು ಊದುತ್ತಿದ್ದರು, ಅಮೃತಹಳ್ಳಿ ಮೈದಾನದ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು ಎಂದು ನನ್ನ ಗೆಳತಿ ಶಾಹೀನಾ ಆಣೆ ಇಟ್ಟು ಹೇಳುತ್ತಾಳೆ. ನನ್ನ ನೆನಪಿನಲ್ಲಿ ಹಸಿರು ದಾರದ ಸೀಟಿಯಿದೆ. ಖೋ ಖೋ ಕೋಚ್ ಅಂದಮೇಲೆ ಕತ್ತಿನಲ್ಲಿ ಏನಾದರೂ ಇರಲೇಬೇಕೆಂದು ನಾನೇ ಆಮೇಲೆ ತೂಗುಹಾಕಿರಬಹುದು. ಸೀಮೆಸುಣ್ಣದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ. ಅದು ಮಿಸ್ ಕಿವಿಯ ಹಿಂದೆ ಬಡಗಿಯ ಪೆನ್ಸಿಲಿನ ಹಾಗೆ ಸದಾ ಕೂತಿರುತ್ತಿತ್ತು. ಬೆವರಿಗೆ ಕರಗಿ ಕೆನ್ನೆಯ ಮೇಲೆ ಬಿಳಿ ಗೆರೆ ಇಳಿಯುತ್ತಿತ್ತು.

ಅವರು ಮಿಸ್ ಅಲ್ಲ, ಯಾವ ಶಾಲೆಯಲ್ಲೂ ಕೆಲಸಕ್ಕಿರಲಿಲ್ಲ. ಗದಗದ ಕಡೆಯವರು. ಟಿ. ದಾಸರಹಳ್ಳಿಯಲ್ಲಿ ಮನೆ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಬೆಳಗಿನ ಶಿಫ್ಟು. ಶಿಫ್ಟು ಮುಗಿಸಿ, ಬಸ್ಸು ಬದಲಿಸಿ, ಕಾರ್ಖಾನೆಯ ನೀಲಿ ಕೋಟಿನಲ್ಲೇ ನಮ್ಮ ಮೈದಾನಕ್ಕೆ ಬರುತ್ತಿದ್ದರು. ಇಷ್ಟು ದೂರ ಯಾಕೆ ಬರ್ತೀರಿ ಎಂದು ಕೇಳಿದಾಗ ಒಮ್ಮೆ, "ಅಲ್ಲಿ ಗ್ರೌಂಡ್ ಎಲ್ಲೈತಿ?" ಅಂದರು. ಇನ್ನೊಮ್ಮೆ, "ಅಲ್ಲಿ ಹುಡುಗ್ಯಾರು ಹೇಳಿದ್ದು ಕೇಳ್ತಾರ. ಏನೂ ಮಜಾ ಇಲ್ಲ," ಅಂದರು.

ಆಟಕ್ಕೆ ಮೊದಲು ಲೆಕ್ಕ. ಅದೂ ಖೋ ಖೋ ಕೂರುವ ಹಾಗೇ ಸಾಲಾಗಿ ಕುಕ್ಕರಗಾಲಲ್ಲಿ ಕೂತು. ಒಂದು ತುದಿಯ ಕಂಬಕ್ಕೆ ಕಪ್ಪು ಬಳಿದ ಹಲಗೆ ಕಟ್ಟಿರುತ್ತಿದ್ದರು. ಮೊದಲನೆಯವಳು ಓಡಿಹೋಗಿ ಲೆಕ್ಕದ ಮೊದಲ ಸಾಲು ಬರೆದು ಬರಬೇಕು, ಕೂತವಳೊಬ್ಬಳ ಬೆನ್ನು ತಟ್ಟಿ "ಖೋ" ಅನ್ನಬೇಕು; ತಟ್ಟಿಸಿಕೊಂಡವಳು ಓಡಿಹೋಗಿ ಮುಂದಿನ ಸಾಲು ಬರೆಯಬೇಕು.

"ಒಬ್ಬಾಕಿಗೆ ಒಂದ ಸಾಲು! ಎರಡನೇದು ಬರದ್ರ ಫೌಲ್. ಖೋ ಕೊಟ್ಟ ಮ್ಯಾಲ ಹೊಳ್ಳಿ ನೋಡಬ್ಯಾಡ್ರಿ."

ಲೆಕ್ಕವೆಂದರೆ ಹೊಟ್ಟೆನೋವು ಬರುತ್ತಿದ್ದ ನನಗೆ ಇದು ಸ್ವರ್ಗ. ಒಂದು ಸಾಲು ತಾನೇ, ಅದೂ ನನ್ನ ಪಾಲಿಗೆ ಯಾವಾಗಲೂ ಮೊದಲನೆಯದು? ಯಾರು ಬೇಕಾದರೂ ಬರೆದಾರು. ಬರಬರುತ್ತಾ ವರ್ಗಸಮೀಕರಣವನ್ನು ನಾವು ಉಸಿರು ಕಟ್ಟಿಕೊಂಡು ಓಡುತ್ತಲೇ ಬಿಡಿಸಿಬಿಡುತ್ತಿದ್ದೆವು. ಮೈದಾನದ ಪಕ್ಕದ ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ಕಾಫಿ ಹಿಡಿದು ನೋಡುತ್ತಿದ್ದರು.

ಶನಿವಾರ ಇನ್ನೊಂದು ಬಗೆಯ ಪಾಠ. ನಮ್ಮನ್ನು ಯಶವಂತಪುರದ ಬಸ್ಸು ಹತ್ತಿಸಿ, ತಾವು ಗುರುತೇ ಇಲ್ಲದವರಂತೆ ಹಿಂದಿನ ಸೀಟಿನಲ್ಲಿ ಕೂತುಬಿಡುತ್ತಿದ್ದರು. ಹೆಂಗಸರ ಸೀಟಿನಲ್ಲಿ ಕೂತ ಗಂಡಸನ್ನು ನಾವು ಏಳಿಸಬೇಕು. ದನಿ ತಗ್ಗಬಾರದು, ಬೈಗುಳವೂ ಬರಬಾರದು. ನನ್ನ ಸರದಿ ಬಂದಾಗ ನಾನು, "ಅಣ್ಣಾ, ಇದು ಲೇಡೀಸ್ ಸೀಟು," ಅಂದೆ. ಆತ ಪಾಪ ತಕ್ಷಣ ಎದ್ದ. ಅದಕ್ಕೆ ನಾನು ತಯಾರಾಗಿರಲಿಲ್ಲ. "ಪರ್ವಾಗಿಲ್ಲ, ಕೂತ್ಕೊಳ್ಳಿ," ಅಂದುಬಿಟ್ಟೆ.

ಹಿಂದಿನಿಂದ ಗುಡುಗು: "ಏ ಹುಡುಗಿ! ಗೆದ್ದ ಮ್ಯಾಲ ಹೊಳ್ಳಿ ಕೊಡ್ತೀ ಏನು? ಕುಂದ್ರಲೇ!"

ಇಡೀ ಬಸ್ಸು ನಕ್ಕಿತು. ಎದ್ದವನೂ ನಕ್ಕ. ನಾನು ಕೂತೆ.

ಈಗ ಪರೀಕ್ಷೆಯ ಸಂಗತಿ. ಇದು ಎಷ್ಟು ಚೆನ್ನಾಗಿ ಕಥೆಯಾಗುತ್ತದೆಂದರೆ ನನಗೇ ಇದರ ಮೇಲೆ ಅನುಮಾನ. ಎಸ್ಸೆಸ್ಸೆಲ್ಸಿಗೆ ಮುಂಚಿನ ಪ್ರಿಪರೇಟರಿ. ಅಮ್ಮ ಮೊದಲೇ ಹೇಳಿದ್ದಳು: "ಈ ಸಲನೂ ಲೆಕ್ಕದಲ್ಲಿ ಡುಮ್ಕಿ ಒಡುದ್ರೆ ಗ್ರೌಂಡೂ ಇಲ್ಲ, ಚಡ್ಡಿನೂ ಇಲ್ಲ. ತಿಳೀತಾ?" ಅಮ್ಮ ಹಳೇ ಅಮೃತಹಳ್ಳಿಯವಳು, ಸುತ್ತ ಕಟ್ಟಡಗಳೆದ್ದರೂ ಎರಡು ಹಸು ಕಟ್ಟಿಕೊಂಡು ಹಾಲು ಮಾರುತ್ತಿದ್ದಳು. ಆಡಿದ ಮಾತಿನಿಂದ ಹಿಂದೆ ಸರಿಯುವವಳಲ್ಲ. ಪರೀಕ್ಷೆಯಾದ ಮುಂದಿನ ವಾರವೇ ಯಲಹಂಕದಲ್ಲಿ ಜಿಲ್ಲಾ ತಂಡದ ಆಯ್ಕೆ. ಅದರ ಹೊರತು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಪ್ರಶ್ನೆಪತ್ರಿಕೆ ಸುಲಭವಾಗಿತ್ತು. ಪ್ರತಿ ಲೆಕ್ಕದ ಮೊದಲ ಸಾಲನ್ನು ಮುತ್ತಿನಂತೆ ಬರೆದೆ. ಅಲ್ಲಿಗೆ ನನ್ನ ಕೈ ನಿಂತಿತು. ಬೆನ್ನು ತಟ್ಟಿಯಾಯಿತು ಎಂಬಂತೆ ಮನಸ್ಸು ಹಗುರಾಗಿ ಮುಂದಿನ ಲೆಕ್ಕಕ್ಕೆ ಹೋಯಿತು. ಎಲ್ಲ ಲೆಕ್ಕವನ್ನೂ ಶುರು ಮಾಡಿ, ಒಂದನ್ನೂ ಮುಗಿಸದೆ, ಎಲ್ಲರಿಗಿಂತ ಮೊದಲು ಪೇಪರು ಕೊಟ್ಟು ಹೊರಗೆ ಬಂದೆ.

ಶಾಹೀನಾ ಹಲಗೆಗೆ ಹೋಗುತ್ತಿದ್ದದ್ದು ಯಾವಾಗಲೂ ಲೆಕ್ಕ ಅರ್ಧ ಆದಮೇಲೆ. ಅವಳ ಉತ್ತರಗಳು ನಡುವಿನಿಂದಲೇ ಶುರುವಾಗಿದ್ದವಂತೆ. ಇದನ್ನು ನಾವು ಹೇಳಿ ಹೇಳಿ ಕೊನೆಗೆ ಸೇರಿಸಿಕೊಂಡಿರಬೇಕು. ಅವಳು ಮಾತ್ರ, "ಇಲ್ಲ ಕಣೇ, ನಿಜ. ಶುರು ನೀನು ಮಾಡಿರ್ತೀಯಾ ಅಂತ ಬಿಟ್ಟಿದ್ದೆ," ಅನ್ನುತ್ತಾಳೆ. ಗಣಿತದ ಮೇಷ್ಟ್ರು ಪೇಪರುಗಳನ್ನು ಗಾಳಿಯಲ್ಲಾಡಿಸಿ, "ಏನ್ರೇ ಇದು, ಎಲ್ಲರ್ದೂ ಸೇರ್ಸಿ ಓದ್ಬೇಕಾ ನಾನು?" ಅಂದದ್ದು ಇಬ್ಬರಿಗೂ ನೆನಪಿದೆ. ತಂಡಕ್ಕೆ ತಂಡವೇ ಫೇಲು.

ಮಿಸ್‌ಗೆ ಹೇಳಿದಾಗ ಅವರು ಮೊದಲು ಮೈದಾನದಲ್ಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಿವಿಯ ಸೀಮೆಸುಣ್ಣ ತೆಗೆದು ಜೇಬಿಗೆ ಹಾಕಿಕೊಂಡರು.

"ತಪ್ಪು ನಂದೈತಿ. ನಡೀ, ನಿಮ್ಮ ಮನಿಗೆ ಹೋಗೂಣು."

ನಾವು ಹೋದಾಗ ಅಮ್ಮ ಹಾಲು ಕರೆಯುತ್ತಿದ್ದಳು. ಮಿಸ್ ಬೂಟಿನಲ್ಲೇ ಕೊಟ್ಟಿಗೆಗೆ ಹೋದರು. "ನೀವು ಆಚೆ ಇರ್ರೀ," ಅಂದಳು ಅಮ್ಮ ನನಗೂ ಶಾಹೀನಾಗೂ. ನಾವು ಗೋಡೆಗೆ ಕಿವಿ ಹಚ್ಚಿದೆವು. ಚೊಂಬಿಗೆ ಹಾಲು ಬೀಳುವ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಒಮ್ಮೆ ಆ ಸದ್ದೂ ನಿಂತಿತು. ಕರೆಯುವಾಗ ನಡುವೆ ಕೈ ನಿಲ್ಲಿಸಿದರೆ ಹಸು ಹಾಲು ಬಿಗಿ ಹಿಡಿಯುತ್ತದೆಂದು ಯಾರು ಕರೆದರೂ ಓಗೊಡದವಳು ನನ್ನ ಅಮ್ಮ. ಶಾಹೀನಾ ಪ್ರಕಾರ ಸದ್ದು ನಿಲ್ಲಲೇ ಇಲ್ಲ, ಒಳಗೆ ಇಬ್ಬರೂ ನಕ್ಕರು.

ಮಿಸ್ ಹೊರಗೆ ಬಂದು ನನ್ನ ಮುಖ ನೋಡದೆ ಬಸ್ ಸ್ಟಾಪಿನತ್ತ ಹೋದರು. ಹಿಂದೆಯೇ ಅಮ್ಮ ಬಂದಳು.

"ಸೆಲೆಕ್ಸನ್ನು ಯಾವತ್ತೇ?"

"ಭಾನುವಾರ."

"ನಾನೂ ಬತ್ತೀನಿ."

ಆಯ್ಕೆಯಲ್ಲಿ ನಾನು ಬೇಗನೆ ಔಟಾದೆ. ಅಮ್ಮ ಮೈದಾನದ ಅಂಚಿನಿಂದ ಅಂಪೈರಿಗೆ ಬೈದದ್ದೇ ಆ ದಿನದ ದೊಡ್ಡ ಆಟ. ಮರುದಿನದಿಂದ ಹಲಗೆಯ ನಿಯಮ ಬದಲಾಯಿತು: ಎದ್ದವಳು ಲೆಕ್ಕ ಪೂರ್ತಿ ಮುಗಿಸಿಯೇ ಖೋ ಕೊಡಬೇಕು, ಅಲ್ಲಿಯವರೆಗೆ ಉಳಿದವರು ಕುಕ್ಕರಗಾಲಲ್ಲೇ ಕಾಯಬೇಕು. ಕಾಲು ಜೋಮು ಹಿಡಿದವರು, "ಬೇಗ ಬರಿಯೇ, ಸತ್ತೆ ಮಗಾ!" ಎಂದು ಕೂಗುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ನಾವೆಲ್ಲ ಪಾಸಾದೆವು. ಕೆಲವರು ಅಂಚಿನಲ್ಲಿ, ನಾನು ಆ ಕೆಲವರಲ್ಲಿ.

ನಾನು ಡಿಗ್ರಿಗೆ ಸೇರಿದ ವರ್ಷ ಮಿಸ್ ಊರಿಗೆ ಹೊರಟರು. ಅವರ ತಾಯಿಗೆ ಹುಷಾರಿರಲಿಲ್ಲ. ಯಶವಂತಪುರ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದೆವು. ನಾನು ಆಗ ಕೇಳಿದೆ: "ಅವತ್ತು ಅಮ್ಮನ್ನ ಹೆಂಗ್ ಒಪ್ಪಿಸಿದ್ರಿ ಮಿಸ್?"

"ನಾನೆಲ್ಲಿ ಒಪ್ಪಿಸಿದೆ?" ಅಂದರು. "ಇನ್ನ ಮ್ಯಾಲ ಗ್ರೌಂಡಿಗೆ ಬರೂದಿಲ್ಲ, ನಿಮ್ಮ ಮಕ್ಕಳ ವರ್ಷ ಹಾಳ ಮಾಡಿದೆ ಅಂತ ಹೇಳಾಕ ಬಂದಿದ್ದೆ ನಾನು. ನಿಮ್ಮವ್ವ ಬಿಡಲಿಲ್ಲ."

"ಏನಂದ್ಲು?"

"ಅದು ಆಕೀ ಮಾತು. ಆಕೀನ್ನ ಕೇಳು."

ಮನೆಗೆ ಬಂದು ಅಮ್ಮನನ್ನು ಕೇಳಿದೆ. "ಏನೋ ಅಂದೆ," ಅಂದಳು ಅಮ್ಮ. "ಅಸು ಒದೀತಿತ್ತು. ಅದೆಲ್ಲ ಯಾರಿಗೆ ಗ್ಯಾಪ್ಕ ಇರ್ತದೆ?"

ಮಿಸ್ ಊರಿನಲ್ಲಿ ಹೊಸ ತಂಡ ಕಟ್ಟಿದ್ದಾರೆಂದು ಯಾರೋ ಹೇಳಿದರು; ಅವರ ಫೋನ್ ನಂಬರು ಬದಲಾಗಿದೆ. ಫೇಲಾದರೆ ಗ್ರೌಂಡೇ ಇಲ್ಲ ಎಂದಿದ್ದ ಅಮ್ಮ, ಗ್ರೌಂಡೇ ಬಿಡುತ್ತೇನೆಂದು ಬಂದ ಮಿಸ್ಸನ್ನು ಏನು ಹೇಳಿ ತಡೆದಳೋ ನನಗೆ ಗೊತ್ತಿಲ್ಲ.