ಕಾಕು ಹಾಕಿದ ದಿಬ್ಬ

ಮೊನ್ನೆ ನಮ್ಮ ಮನೆ ಮುಂದೆ ಡಾಂಬರು ಕಾಯಿಸುತ್ತಿದ್ದರು. ಗಾಡಿಗಳು ನಿಧಾನ ಹೋಗಲೆಂದು ರಸ್ತೆಗೆ ಅಡ್ಡ ಉಬ್ಬು ಹಾಕುತ್ತಾರಂತೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಂಡನ ಊರು ಮುರುಮದಲ್ಲಿ ಎದುರು ಮನೆಯಲ್ಲಿದ್ದ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು ನೆನಪಾದಳು. ಮೈಯೆಲ್ಲ ಉರಿದುಹೋಯಿತು.

ನಾನು ಮದುವೆಯಾಗಿ ಮುರುಮಕ್ಕೆ ಹೋದಾಗ ನಿಜಾಮನ ರಾಜ್ಯ ಮುಗಿದು ನಾಲ್ಕೈದು ವರ್ಷವಾಗಿತ್ತು. ಕಾಳಿನ ಲಾರಿಗಳು ಪೇಟೆ ಸುತ್ತಿ ಹೋಗುವುದು ಬಿಟ್ಟು ನಮ್ಮ ಓಣಿಯಲ್ಲೇ ನುಗ್ಗುತ್ತಿದ್ದವು. ಕಾಕುನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳದು. ಬಾವಿಗೆ ಹೋಗಲು ಅವಳಿಗೆ ಅದೇ ದಾರಿ. ಕಾಕು ಜಗಳ ತೆಗೆದರೆ ಡ್ರೈವರ್‌ಗಳದ್ದು ಒಂದೇ ಪಾಠ, ಹಾರ್ನ್ ಹೊಡೆದೇ ಬರುತ್ತೇವಲ್ಲ ಅಂತ.

ಕಾಕು ಚಾವಡಿಗೆ ಹೋದಳು. ನಿಧಾನ ಹೋಗಿ ಅಂತ ಒಂದು ಹಲಗೆ ಬರೆಸೋಣ ಅಂದರು ಅಲ್ಲಿಯವರು. ಅಕ್ಷರ ಮಾತ್ರ ಯಾವುದು? ಒಬ್ಬರಿಗೆ ಉರ್ದು ಬೇಕು, ಒಬ್ಬರಿಗೆ ಮರಾಠಿ, ಇನ್ನೊಬ್ಬರಿಗೆ ಕನ್ನಡ. 'ಸಾವಕಾಶ' ಅನ್ನುವ ಮಾತು ಕನ್ನಡಕ್ಕೂ ಮರಾಠಿಗೂ ಒಂದೇ. ಅದಕ್ಕೂ ಎರಡು ತಿಂಗಳು ಕಚ್ಚಾಡಿದರು, ದರಿದ್ರದವರು…

"ಗಾಲಿಗಿ ಅಕ್ಷರ ಬರ್ತಾವೇನ್ರಿ? ಗಾಲಿಗಿ ಮಣ್ಣಷ್ಟೇ ತಿಳೀತದ," ಅಂದು ಕಾಕು ಎದ್ದು ಬಂದಳು.

ಕಲ್ಲು ಮಣ್ಣು ಹೊತ್ತು ತಂದು ದಾರಿಗೆ ಅಡ್ಡ ಗೇಣೆತ್ತರದ ದಿಬ್ಬ ಹಾಕಿದಳು. ದಿನಾ ನೀರು ಚಿಮುಕಿಸಿ ಬಡಿದು ಗಟ್ಟಿ ಮಾಡುತ್ತಿದ್ದಳು. ಲಾರಿಗಳು ಅಲ್ಲಿಗೆ ಬಂದು ತೆವಳತೊಡಗಿದವು. ಮಗಳು ಕೊಡ ಹೊತ್ತು ನಡುದಾರಿಯಲ್ಲೇ ಆರಾಮಾಗಿ ನಡೆಯುವುದನ್ನು ರೂಢಿ ಮಾಡಿಕೊಂಡಳು.

ಒಂದು ಬೆಳಿಗ್ಗೆ ದೊಡ್ಡ ಸಾಹೇಬರ ಜೀಪು ಬರುತ್ತದೆಂದು ಚಾವಡಿಯ ಆಳುಗಳು ದಿಬ್ಬ ಕಡಿಯಲು ಬಂದರು. ಸಾಹೇಬರ ಸೊಂಟ ಉಳುಕಬಾರದಲ್ಲ! ಅವರು ಸಲಿಕೆ ಕೇಳಿದರು, ನಾನು ಕೊಟ್ಟೆ. ಹೊಸ ಸೊಸೆ, ಇಲ್ಲ ಅನ್ನಲು ಬಾಯಿ ಬರಲಿಲ್ಲ. ಕಾಕು ಮನೆ ಹಿಂದಿನ ಹೊಲದಲ್ಲಿದ್ದಳು, ಕೂಗಿದರೆ ಕೇಳುವಷ್ಟು ಹತ್ತಿರ.

ಸಾಹೇಬರು ಬರಲೇ ಇಲ್ಲ. ಮಧ್ಯಾಹ್ನ ಲಾರಿ ಬಂತು. ಹುಡುಗಿ ರೂಢಿಯಂತೆ ನಡುದಾರಿಯಲ್ಲೇ ಇದ್ದಳು… ಅಲ್ಲೇ ಜೀವ ಬಿಟ್ಟಳು. ಪಂಚನಾಮೆಯಲ್ಲಿ ಬರೆದದ್ದೇನು ಗೊತ್ತೆ? ಡ್ರೈವರ್ ಹಾರ್ನ್ ಹೊಡೆದಿದ್ದ, ಹುಡುಗಿಯೇ ಸರಿಯಲಿಲ್ಲ. ಅದನ್ನು ಬರೆದ ಕೈಗೆ ನಾಚಿಕೆಯಾಗಲಿಲ್ಲ.

ಈ ಸಲ ಕಾಕು ಚಾವಡಿಗೆ ಹೋಗಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ನನ್ನ ಬಾಗಿಲಲ್ಲಿ ನಿಂತಳು.

"ಆಕಿಗಿ ಕಿವಿ ಇದ್ದಿದ್ದಿಲ್ಲ. ನಿನಗ ಇದ್ದುವಲ್ಲ. ಸಲಿಕಿ ಸಪ್ಪಳ ಕೇಳಿ ನನಗೊಂದು ಕೂಗು ಹಾಕಬಾರದಿತ್ತೇನು?"

ಮೊನ್ನೆ ಉಬ್ಬು ಹಾಕಿದ ಹುಡುಗರು "ಅಜ್ಜಿ, ಚಹಾ ಕೊಡ್ರಿ" ಅಂದರು. ಕೊಡದೆ ಬಾಗಿಲು ಹಾಕಿಕೊಂಡೆ. ಸಿಟ್ಟು ಅವರ ಮೇಲಲ್ಲ ಅಂತ ನನಗೆ ಗೊತ್ತು. ಕಾಕು ಸತ್ತು ಎಷ್ಟೋ ವರ್ಷವಾಯಿತು… ಅವಳಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.