ಹೊಲಿಗೆಯಕ್ಕನಿಗೆ ಒದಗಿದ ಮೂವರು

ಪುಸ್ತಕಗಳಿಗೆ ರಟ್ಟು ಕಟ್ಟುವ ಆ ಬೈಂಡಿಂಗ್ ಅಂಗಡಿಯಲ್ಲಿ ಆಕೆಯನ್ನು ಎಲ್ಲರೂ ಹೊಲಿಗೆಯಕ್ಕ ಎಂದೇ ಕರೆಯುತ್ತಿದ್ದರು. ಅಚ್ಚಾಗಿ ಬಂದ ಹಾಳೆಗಳನ್ನು ಮಡಿಸಿ, ಒಂದರ ಮೇಲೊಂದು ಜೋಡಿಸಿ, ದಪ್ಪ ಸೂಜಿಯಿಂದ ಬೆನ್ನಿಗೆ ಹೊಲಿಗೆ ಹಾಕುವುದು ಆಕೆಯ ಕೆಲಸ. ಹದಿನಾಲ್ಕು ವರ್ಷದಿಂದ ಅದೇ ಕಿಟಕಿ, ಅದೇ ಮೇಜು. ಆಕೆ ಹೊಲಿದ ಪುಸ್ತಕದ ಹಾಳೆ ಬಿಚ್ಚಿಕೊಂಡಿತೆಂದು ಯಾರೂ ವಾಪಸ್ ತಂದವರಿಲ್ಲ. ಒಬ್ಬ ಮೇಷ್ಟ್ರು ಮಾತ್ರ ಸಿಡುಕುತ್ತ ತಂದಿದ್ದರು. ಅದನ್ನು ಅವರ ಮನೆಯ ನಾಯಿ ಎಳೆದಾಡಿತ್ತೆಂದು ಆಮೇಲೆ ಗೊತ್ತಾಯಿತು.

ವಯಸ್ಸು ಮೂವತ್ತೆಂಟು. ಮದುವೆಯಾಗಿರಲಿಲ್ಲ. ಮೂರು ಅಂತಸ್ತಿನ ಹಳೆಯ ಕಟ್ಟಡವೊಂದರಲ್ಲಿ, ಎರಡನೆಯ ಮಹಡಿಯ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ತಾಯಿ ಬೇರೆ ಊರಿನಲ್ಲಿ ಮಗನ ಮನೆಯಲ್ಲಿದ್ದರು. ಅಂಗಡಿಗೆ ಕಾಗದ ಒದಗಿಸುವ ಕಂಪನಿಯ ಏಜೆಂಟನೊಬ್ಬನ ಜೊತೆ ಎರಡು ವರ್ಷದ ಒಡನಾಟವಿತ್ತು. ಮಾತು ಚೆನ್ನ, ನಗು ಚೆನ್ನ. ನಾಳೆಯ ಬಗ್ಗೆ ಕೇಳಿದರೆ ಮಾತ್ರ ಬೇರೆ ವಿಷಯ ತೆಗೆಯುತ್ತಿದ್ದ.

ಒಂದು ಬೆಳಗ್ಗೆ ಅಂಗಡಿಯ ಒಲೆಯ ಮೇಲಿದ್ದ ಅಂಟಿನ ಡಬ್ಬಿಯಿಂದ ಹಬೆ ಎದ್ದಿತು. ಹದಿನಾಲ್ಕು ವರ್ಷದಿಂದ ಮೂಗಿಗೆ ಒಗ್ಗಿಹೋಗಿದ್ದ ಆ ವಾಸನೆಗೆ ಹೊಟ್ಟೆಯೆಲ್ಲ ತೊಳಸಿ ಬಂತು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಚೀಟಿ ನೋಡಿ, "ಒಂಬತ್ತು ವಾರ" ಎಂದರು. ಆಕೆ ಇನ್ನೊಮ್ಮೆ ನೋಡಿ ಹೇಳಿ ಎಂದು ಕೇಳಿಕೊಂಡಳು. ಆದರೆ ಬಾಗಿಲು ದಾಟಿ ಬೀದಿಗೆ ಬರುವಷ್ಟರಲ್ಲಿ, ತನಗೇ ಆಶ್ಚರ್ಯವಾಗುವಂತೆ, ತುಟಿಯ ಮೇಲೆ ನಗು ಬಂದಿತ್ತು.

ಏಜೆಂಟನಿಗೆ ಹೇಳಿದಳು. ಯೋಚನೆ ಮಾಡಲು ಒಂದು ವಾರ ಬೇಕೆಂದ. ಆ ವಾರ ಮುಗಿಯುವುದರೊಳಗೆ ಅವನು ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋಗಿದ್ದ. ಫೋನೂ ಸ್ವಿಚ್ ಆಫ್. ಅವನಿಗಾಗಿ ಅವಳು ಅತ್ತದ್ದು ನಾಲ್ಕು ದಿನ. ಐದನೆಯ ದಿನ ತಾಯಿಗೆ ಫೋನ್ ಮಾಡಿದಳು.

"ಅಮ್ಮ, ನಾನು ಈ ಮಗೂನ ಇಟ್ಕೋತೀನಿ."

 "ನಿನ್ನಿಷ್ಟ. ಆದ್ರೆ ನನ್ನ ಕರೀಬೇಡ. ನಾಲ್ಕು ಜನದ ಮುಂದೆ ತಲೆ ಎತ್ಕೊಂಡು ಓಡಾಡ್ಬೇಕು ನಾನು" ಎಂದು ತಾಯಿ ಫೋನ್ ಇಟ್ಟರು.

ಇನ್ನು ಹೇಳಲು ಉಳಿದವರು ಅಂಗಡಿಯ ಯಜಮಾನರು. ಎಪ್ಪತ್ತರ ಹತ್ತಿರದ ಮನುಷ್ಯ, ಹೆಂಡತಿ ಇಲ್ಲ, ಯಾವಾಗಲೂ ಸಿಡಿಮಿಡಿ. ಕೆಲಸ ಹೋಗುವುದೇ ಸೈ ಎಂದುಕೊಂಡು, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಒಲೆಯ ಕಡೆ ನೋಡಿದರು.

"ಅದಕ್ಕೇನಾ ಇಷ್ಟು ದಿನದಿಂದ ಮೂಗು ಮುಚ್ಕೊಂಡು ಓಡಾಡ್ತಿದ್ದೆ? ಮೊದ್ಲೇ ಹೇಳೋಕೇನು? ಅಂಟಿನ ಒಲೆ ಹಿತ್ತಲಿಗೆ ಹಾಕಿಸ್ತೀನಿ."

ಅಷ್ಟೇ ಅವರ ಮಾತು. ಮರುದಿನ ಆಕೆಯ ಮೇಜಿನ ಬಳಿ ಸ್ಟೂಲಿನ ಬದಲು ಬೆನ್ನೊರಗುವ ಕುರ್ಚಿ ಇತ್ತು. ಯಜಮಾನರ ಕೋಣೆಯಲ್ಲಿ ಅವರೇ ಸ್ಟೂಲಿನ ಮೇಲೆ ಕುಳಿತಿದ್ದರು.

ಕಟ್ಟಡದ ನೆಲಮಹಡಿಯಲ್ಲಿ ನಿವೃತ್ತ ನರ್ಸಮ್ಮ ಒಬ್ಬರಿದ್ದರು. ಒಂದು ಸಂಜೆ ಹೊಲಿಗೆಯಕ್ಕ ಮೆಟ್ಟಿಲ ನಡುವೆ ನಿಂತು ಏದುಸಿರು ಬಿಡುತ್ತಿದ್ದಾಗ ಅವರು ಬಾಗಿಲಲ್ಲೇ ನಿಂತು ಕೇಳಿದರು: "ಎಷ್ಟು ತಿಂಗಳು?"

"ಏನು ನರ್ಸಮ್ಮ?"

"ನನ್ನ ಹತ್ರ ನಾಟಕ ಬೇಡ. ಮೂವತ್ತೆರಡು ವರ್ಷ ಹೆರಿಗೆ ವಾರ್ಡಲ್ಲಿದ್ದೋಳು ನಾನು. ಒಳಗೆ ಬಾ."

ಆ ಹೊತ್ತಿಗೆ ಹೊಲಿಗೆಯಕ್ಕನ ಕಿವಿ ಸಲಹೆಗಳಿಂದ ತುಂಬಿಹೋಗಿತ್ತು. ಅದನ್ನು ತಿನ್ನಬೇಡ, ಇದನ್ನು ಮುಟ್ಟಬೇಡ, ಎಡಗಡೆ ಮಲಗು, ಯಾರಿಗೂ ಹೇಳಬೇಡ, ಎಲ್ಲರಿಗೂ ಹೇಳು. ನರ್ಸಮ್ಮ ಹೇಳಿದ್ದು ಬೇರೆ ತರಹ ಇತ್ತು. ಬಿಸಿ ಹಾಲಿನ ಲೋಟ ಕೈಗಿಟ್ಟು ಅವರು ಹೇಳಿದರು: "ಡಾಕ್ಟ್ರು ಕೊಟ್ಟ ತಾರೀಖಿಗೆ ಹೋಗೋದು ತಪ್ಪಿಸ್ಬೇಡ. ಚೆನ್ನಾಗೇ ಇದೀನಿ ಅನ್ಸಿದ್ರೂ ಹೋಗು. ಬಿಪಿ ಏರೋದು ಹೇಳಿ ಕೇಳಿ ಬರೋದಲ್ಲ. ಇನ್ನೊಂದು, ನಿನಗೆ ಮೂರು ಜನ ಬೇಕು. ಗಾಡಿ ಇರೋರು ಒಬ್ರು. ನಿನ್ನ ಮನೆ ಬೀಗದಕೈ ಇಟ್ಕೊಳ್ಳೋರು ಒಬ್ರು. ನಿನ್ನ ಬೈಯೋಕೆ ಹೆದರದೋರು ಒಬ್ರು."

"ಗಂಡ ಇದ್ದಿದ್ರೆ ಒಬ್ರೇ ಸಾಕಾಗ್ತಿತ್ತೇನೋ" ಎಂದು ಆಕೆ ಮೆಲ್ಲಗೆ ಅಂದಳು.

ನರ್ಸಮ್ಮ ಜೋರಾಗಿ ನಕ್ಕರು. "ಅಯ್ಯೋ ಹುಚ್ಚಿ! ಗಂಡ ಇದ್ದೋರಿಗೂ ಮೂರು ಜನ ಬೇಕು. ಅವರಿಗೆ ಅದು ತಡವಾಗಿ ಗೊತ್ತಾಗತ್ತೆ, ಅಷ್ಟೇ."

ಬೀಗದಕೈ ನರ್ಸಮ್ಮನ ಹತ್ತಿರವೇ ಉಳಿಯಿತು. ಗಾಡಿಗೆ ಎದುರು ಮನೆಯ ಟ್ಯಾಕ್ಸಿಯಣ್ಣ ಒಪ್ಪಿದ. ಬೈಯುವ ಕೆಲಸಕ್ಕೆ ಯಜಮಾನರನ್ನು ಕೇಳುವ ಅಗತ್ಯವೇ ಇರಲಿಲ್ಲ; ಅವರು ವರ್ಷಗಳಿಂದ ಅದನ್ನು ಶ್ರದ್ಧೆಯಿಂದ ಮಾಡಿಕೊಂಡು ಬಂದಿದ್ದರು.

ದಿನ ತುಂಬಲು ಇನ್ನೂ ಹತ್ತು ದಿನವಿತ್ತು. ಮಧ್ಯಾಹ್ನದ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಸೊಂಟದಿಂದ ನೋವು ಶುರುವಾಯಿತು. ಟ್ಯಾಕ್ಸಿಯಣ್ಣನಿಗೆ ಫೋನ್ ಮಾಡಿದರೆ ಅವನು ಬಾಡಿಗೆ ಮೇಲೆ ಮೂರು ಗಂಟೆ ದಾರಿಯಾಚೆ ಇದ್ದ.  ಯಜಮಾನರು ಪುಸ್ತಕ ಸಾಗಿಸುವ ವ್ಯಾನಿನ ಕೀಲಿ ತೆಗೆದುಕೊಂಡು, "ನಡಿ" ಎಂದರು. ದಾರಿಯಲ್ಲಿ ನರ್ಸಮ್ಮನನ್ನೂ ಹತ್ತಿಸಿಕೊಂಡರು. ಹಿಂದೆ ಉತ್ತರಪತ್ರಿಕೆಗಳ ಕಟ್ಟುಗಳು, ಅವುಗಳಿಗೆ ಒರಗಿ ಹೊಲಿಗೆಯಕ್ಕ, ಪಕ್ಕದಲ್ಲಿ ಗಡಿಯಾರ ನೋಡುತ್ತ ನರ್ಸಮ್ಮ.

"ಸ್ವಲ್ಪ ಜೋರಾಗಿ ಓಡ್ಸಿ ಸ್ವಾಮಿ, ಸೈಕಲ್ಲೋರು ನಮ್ಮನ್ನ ದಾಟ್ಕೊಂಡು ಹೋಗ್ತಿದಾರೆ!"

"ಗುಂಡಿ ಇದೆಯಮ್ಮಾ, ಗುಂಡಿ! ಅವಳಿಗೆ ಕುಲುಕಾಡಬಾರ್ದಲ್ಲ!"

ಅಂಥ ನೋವಿನಲ್ಲೂ ಹೊಲಿಗೆಯಕ್ಕನಿಗೆ ನಗು ತಡೆಯಲಾಗಲಿಲ್ಲ.

ಆಸ್ಪತ್ರೆಯ ಕೌಂಟರಿನವನು ಫಾರಂ ಮುಂದಿಟ್ಟುಕೊಂಡು, "ಗಂಡನ ಹೆಸರು?" ಎಂದ. ಇಲ್ಲ ಎಂದಳು. ಅವನು ತಲೆಯೆತ್ತಿ ಯಜಮಾನರನ್ನು ನೋಡಿ, "ಹಾಗಾದ್ರೆ ಸಹಿ ಯಾರು ಮಾಡ್ತಾರೆ? ಇವರಾ?" ಎಂದ. ಈ ಪ್ರಶ್ನೆ ಬಂದೇ ಬರುತ್ತದೆಂದು ನರ್ಸಮ್ಮ ಎರಡು ತಿಂಗಳ ಹಿಂದೆಯೇ ಹೇಳಿ, ಚೀಟಿ, ರಿಪೋರ್ಟುಗಳನ್ನೆಲ್ಲ ಒಂದು ಫೈಲಿಗೆ ಹಾಕಿಸಿದ್ದರು. ಹೊಲಿಗೆಯಕ್ಕ ಫೈಲನ್ನು ಮುಂದಿಟ್ಟಳು. "ನಾನೇನು ಚಿಕ್ಕ ಹುಡುಗಿ ಅಲ್ಲ, ಬುದ್ಧಿ ನೆಟ್ಟಗಿದೆ. ನನ್ನ ಸಹಿ ನಾನೇ ಮಾಡ್ತೀನಿ. ತುರ್ತು ಬಂದ್ರೆ ಈ ನರ್ಸಮ್ಮನ್ನ ಕರೀರಿ" ಎಂದು, ಮೇಜು ಹಿಡಿದು ನಿಂತೇ ಸಹಿ ಮಾಡಿದಳು. ಆ ದಿನ ಸಂಜೆ ಐದೂಕಾಲಿಗೆ ಹೆಣ್ಣುಮಗು ಹುಟ್ಟಿತು.

ಮೊದಲ ಎರಡು ವಾರ ಸಂಭ್ರಮದಲ್ಲಿ ಕಳೆಯಿತು. ಮೂರನೆಯ ವಾರ ಏನೋ ಆಯಿತು. ಮಗು ಮಲಗಿದರೂ ಆಕೆಗೆ ನಿದ್ದೆ ಇಲ್ಲ. ಊಟ ಮಣ್ಣು ತಿಂದಂತೆ. ಹಾಲುಣಿಸುವಾಗ ಸುಮ್ಮಸುಮ್ಮನೆ ಕಣ್ಣೀರು. ಇಷ್ಟು ಆಸೆಪಟ್ಟು ಪಡೆದ ಮಗುವನ್ನು ಎತ್ತಿಕೊಳ್ಳಲು ಕೈ ಬರುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. 'ನೀನೇ ತಂದುಕೊಂಡದ್ದು' ಎಂದಾರೆಂಬ ಭಯ ಬಾಯಿಗೆ ಬೀಗ ಹಾಕಿತ್ತು.

ಒಂದು ದಿನ ಬೆಳಗಿನ ಹನ್ನೊಂದರ ಸುಮಾರಿಗೆ ಮಗುವಿನ ಅಳು ಕೆಳಗಿನ ಮನೆಯವರೆಗೂ ಕೇಳಿಸಿತು. ನರ್ಸಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು, ಉತ್ತರವಿಲ್ಲ. ತಮ್ಮಲ್ಲಿದ್ದ ಬೀಗದಕೈಯಿಂದ ಬಾಗಿಲು ತೆಗೆದರು. ಮಗು ತೊಟ್ಟಿಲಲ್ಲಿ ಅಂಗಾತ ಮಲಗಿ ಕೆಂಪಗಾಗಿ ಅಳುತ್ತಿತ್ತು. ಹೊಲಿಗೆಯಕ್ಕ ಬಚ್ಚಲುಮನೆಯ ನೆಲದ ಮೇಲೆ ಕಿವಿ ಮುಚ್ಚಿ ಕುಳಿತಿದ್ದಳು.

"ನಾನು ಕೆಟ್ಟ ತಾಯಿ ನರ್ಸಮ್ಮ. ಅದು ಅಳ್ತಿದ್ರೆ ನಂಗೆ ಎತ್ತಿ ಎಸೆದುಬಿಡೋಣ ಅನ್ನಿಸ್ತು. ಅದಕ್ಕೇ ಅಲ್ಲಿ ಮಲಗ್ಸಿ ಇಲ್ಲಿ ಬಂದ್ಬಿಟ್ಟೆ."

ಬೈಗುಳ ಕಾದಿದ್ದ ಆಕೆಯ ತಲೆಯ ಮೇಲೆ ನರ್ಸಮ್ಮ ಕೈಯಿಟ್ಟರು. "ಒಳ್ಳೇದು ಮಾಡ್ದೆ ಮಗಳೇ. ಜೋಪಾನವಾಗಿ ಮಲಗ್ಸಿ, ಬಾಗಿಲು ಹಾಕ್ಕೊಂಡು ಈಚೆ ಬಂದ್ಯಲ್ಲ, ಅದೇ ತಾಯಿ ಮಾಡೋ ಕೆಲ್ಸ. ಹತ್ತು ನಿಮಿಷ ಅತ್ರೆ ಮಗೂಗೆ ಏನೂ ಆಗಲ್ಲ. ಇದು ನಿನ್ನ ತಪ್ಪಲ್ಲ, ಕಾಯಿಲೆ. ಇದಕ್ಕೂ ಔಷಧಿ ಇದೆ. ಮುಖ ತೊಳ್ಕೋ, ಡಾಕ್ಟ್ರ ಹತ್ರ ಹೋಗೋಣ."

ಆ ದಿನ ಡಾಕ್ಟರಮ್ಮ ಮುಕ್ಕಾಲು ಗಂಟೆ ಕೂರಿಸಿ ಕೇಳಿದರು, ಔಷಧಿ ಬರೆದರು, ವಾರಕ್ಕೊಮ್ಮೆ ಬರಬೇಕೆಂದರು. ಜೊತೆಗೆ, "ಮನೇಲಿ ಇನ್ನೊಂದು ಜೊತೆ ಕೈ ಬೇಕು" ಎಂದರು. ಮನೆಗೆ ಬಂದ ಹೊಲಿಗೆಯಕ್ಕ, ಏಳು ತಿಂಗಳಿಂದ ಒತ್ತದಿದ್ದ ನಂಬರು ಒತ್ತಿದಳು.

"ಅಮ್ಮ, ನನ್ನ ಕೈಲಿ ಆಗ್ತಿಲ್ಲ" ಎಂದಳು. 

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ತಾಯಿ ನಿಂತಿದ್ದರು. ಕೈಯಲ್ಲಿ ಬಟ್ಟೆಯ ಚೀಲ, ಮುಖ ದುಮ್ಮನೆ ಊದಿಕೊಂಡಿತ್ತು. ಮಗಳ ಕಡೆ ನೋಡದೆ ಸೀದಾ ತೊಟ್ಟಿಲ ಹತ್ತಿರ ಹೋದರು. ಬಗ್ಗಿ ನೋಡಿದರು. "ಮೂಗು ಥೇಟ್ ನಿಮ್ಮಪ್ಪಂದು" ಎಂದವರು ಅಲ್ಲೇ ಕುಸಿದು ಕೂತು ಅತ್ತರು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, "ಹೋಗು, ಮಲಕ್ಕೋ. ನಾನು ಎಬ್ಬಿಸೋವರ್ಗೂ ಏಳ್ಬೇಡ" ಎಂದರು. ಹೊಲಿಗೆಯಕ್ಕ ಎಂಟು ಗಂಟೆ ನಿದ್ದೆ ಮಾಡಿದಳು. ನಾಲ್ಕು ದಿನಕ್ಕೆಂದು ಬಂದ ತಾಯಿ ಇವತ್ತಿಗೂ ವಾಪಸ್ ಹೋಗಿಲ್ಲ. ನಾಲ್ಕು ಜನದ ಮಾತು ಬಂದರೆ, "ಆ ನಾಲ್ಕು ಜನ ಬಂದು ಬಟ್ಟೆ ಒಗೀತಾರಾ?" ಎಂದು ಅವರೇ ಕೇಳುತ್ತಾರೆ.

ಗುಣವಾಗಲು ಐದು ತಿಂಗಳು ಹಿಡಿಯಿತು. ಒಂದು ಬೆಳಗ್ಗೆ ಮಗು ಆಕೆಯ ಮೂಗನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿತು. ನೋವಿಗೆ ಕಣ್ಣಲ್ಲಿ ನೀರು ಬಂತು, ಜೊತೆಗೇ ಒಳಗಿನಿಂದ ನಗು ಉಕ್ಕಿ ಬಂತು. ಎಷ್ಟೋ ದಿನದ ಮೇಲೆ ಬಂದ ಆ ನಗುವನ್ನು ಗುರುತು ಹಿಡಿಯಲು ಆಕೆಗೆ ಒಂದು ಕ್ಷಣ ಬೇಕಾಯಿತು.

ಮಗಳಿಗೆ ಈಗ ಆರು ವರ್ಷ. ಹೋದ ವರ್ಷ ಶಾಲೆಯಿಂದ ಬಂದವಳೇ ಚೀಲ ಇಳಿಸದೆ ಕೇಳಿದಳು: "ಅಮ್ಮ, ನಂಗ್ಯಾಕೆ ಅಪ್ಪ ಇಲ್ಲ?" ಸುಳ್ಳು ಹೇಳಬಾರದು, ಕೇಳಿದಷ್ಟಕ್ಕೆ ಮಾತ್ರ ಉತ್ತರ ಹೇಳಬೇಕು, ಹೋದವನನ್ನು ಬೈಯಬಾರದು ಎಂದು ನರ್ಸಮ್ಮ ಮೊದಲೇ ತಾಕೀತು ಮಾಡಿದ್ದರು. "ಇದಾರೆ, ಬೇರೆ ಊರಲ್ಲಿ. ಅವರಿಗೆ ಅಪ್ಪ ಆಗಿರೋಕೆ ಆಗ್ಲಿಲ್ಲ. ನಂಗೆ ಅಮ್ಮ ಆಗಿರೋಕೆ ತುಂಬಾ ಆಸೆ ಇತ್ತು" ಎಂದಳು. ಮಗಳು ಯೋಚಿಸಿದಳು. "ಸರಿ. ಹಸಿವಾಗ್ತಿದೆ" ಎಂದಳು. ಆ ಪ್ರಶ್ನೆಗೆಂದು ಐದು ವರ್ಷದಿಂದ ಎದೆ ಗಟ್ಟಿ ಮಾಡಿಕೊಂಡು ಕೂತಿದ್ದವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಒಬ್ಬಳೇ ನಕ್ಕಳು.

ಒಮ್ಮೆ ನರ್ಸಮ್ಮನ ಕಾಲಿನ ಉಗುರು ಕತ್ತರಿಸುತ್ತ ಆಕೆ, "ನಿಮ್ಮ ಋಣ ಹೇಗೆ ತೀರಿಸ್ಲಿ?" ಎಂದಳು. ನರ್ಸಮ್ಮನಿಗೆ ಮದುವೆಯಾಗಿರಲಿಲ್ಲ, ಆದರೆ ಒಬ್ಬ ಮಗಳಿದ್ದಾಳೆ. ವಾರ್ಡಿನಲ್ಲಿ ಯಾರೋ ಬಿಟ್ಟುಹೋದ ಕೂಸನ್ನು ಕೋರ್ಟು ಕಚೇರಿ ಅಲೆದು ದತ್ತು ಪಡೆದು ಬೆಳೆಸಿದ್ದರು. ಆ ಸಂಗತಿಯನ್ನು ಅವರು ಹೇಳಿದ್ದು ಅವತ್ತೇ. "ನಾನು ಡ್ಯೂಟಿಗೆ ಹೋದಾಗ ಅವಳನ್ನ ನೋಡ್ಕೊಂಡಿದ್ದು ವಾರ್ಡಿನ ಆಯಾ. ಅವಳ ಋಣ ನಾನು ತೀರಿಸಿದ್ನಾ? ನೀನು ಉಗುರು ನೋಡಿ ಕತ್ತರ್ಸು, ಬೆರಳು ಬಿಡು."

ಈಗ ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಹೊಲಿಗೆಯಕ್ಕನ ಅದೇ ಮೇಜಿನ ಸುತ್ತ, ಒಬ್ಬರೇ ಮಗು ಬೆಳೆಸುತ್ತಿರುವ ಮೂರು ನಾಲ್ಕು ಹೆಂಗಸರು ಸೇರುತ್ತಾರೆ. ಗಂಡ ಬಿಟ್ಟವಳು, ಗಂಡ ಬೇಡವೆಂದವಳು, ತೀರಿಹೋದ ತಂಗಿಯ ಮಗುವನ್ನು ಸಾಕುತ್ತಿರುವವಳು. ಯಜಮಾನರು ಬೀಗ ಹಾಕಲು ತಡವಾಯಿತೆಂದು ಗೊಣಗುತ್ತ ಎಲ್ಲರಿಗೂ ಚಹಾ ತರಿಸುತ್ತಾರೆ. ಮೊನ್ನೆ ಶನಿವಾರ ಏಳು ತಿಂಗಳ ಬಸುರಿ ಬಸ್ ಕಂಡಕ್ಟರ್ ಒಬ್ಬಳು ಮೊದಲ ಸಲ ಬಂದಿದ್ದಳು. ಹೊಲಿಗೆಯಕ್ಕ ಉತ್ಸಾಹದಲ್ಲಿ ತಪಾಸಣೆ, ಫೈಲು, ನಿದ್ದೆ ಎಂದು ಒಂದೇ ಸಮನೆ ಹೇಳತೊಡಗಿದಳು. ಮೂಲೆಯಲ್ಲಿ ಕೋಲೂರಿ ಕುಳಿತಿದ್ದ ನರ್ಸಮ್ಮ ತಡೆದರು.

"ಸ್ವಲ್ಪ ಬಾಯಿ ಮುಚ್ಕೋ ಮಗಳೇ. ಅವಳು ಏನೋ ಹೇಳೋಕೆ ಬಂದಿದಾಳೆ."

ಹೊಲಿಗೆಯಕ್ಕ ನಾಲಿಗೆ ಕಚ್ಚಿಕೊಂಡಳು. ಕಂಡಕ್ಟರ್ ಚಹಾದ ಲೋಟ ಕೆಳಗಿಟ್ಟು, ಮೆಲ್ಲಗೆ ಹೇಳಲು ಶುರುಮಾಡಿದಳು.