ಕ್ಯಾಪ್ಟನ್ ಮನೆಯ ಡೈನಾ

ಮೊನ್ನೆ ಬ್ಲಾಂಚರ್ಡ್ಸ್‌ಟೌನಿನ ಶೂ ಅಂಗಡಿಯಲ್ಲಿ ಯಾರೋ ಚರ್ಮಕ್ಕೆ ಹಚ್ಚುವ ಮೇಣದ ಡಬ್ಬಿಯ ಮುಚ್ಚಳ ತೆಗೆದರು. ಜೇನುಮೇಣ, ಎಣ್ಣೆ, ಹಳೆಯ ಚರ್ಮ ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಒಂಬತ್ತು ವರ್ಷದವಳಾಗಿ ಅತ್ಲೋನ್ ಎಂಬ ಐರಿಷ್ ಊರಿನ ನೋರಾ ಅಜ್ಜಿಯ ಮುಂದಿನ ಕೋಣೆಯಲ್ಲಿ ನಿಂತಿದ್ದೆ. ಅಪ್ಪನಿಗೆ ಅಲ್ಲಿ ಸಾಫ್ಟ್‌ವೇರ್ ಕೆಲಸ, ಅಮ್ಮ ನರ್ಸ್. ಆ ಮನೆಯ ಮಹಡಿ ನಮಗೆ ಬಾಡಿಗೆಗೆ, ಕೆಳಗಿನದು ಮದುವೆಯಾಗದೆ ಒಬ್ಬರೇ ಉಳಿದಿದ್ದ ಅವರಿಗೆ. ಊರೆಲ್ಲ ಅವರನ್ನು ನೋರಾ ಎಂದೇ ಕರೆಯುತ್ತಿತ್ತು. "ದೊಡ್ಡೋರನ್ನ ಹೆಸರು ಹಿಡಿದು ಕರೀಬಾರ್ದು" ಎಂದು ಅಮ್ಮ ಕಣ್ಣು ಬಿಟ್ಟದ್ದಕ್ಕೆ ನಾನು 'ಅಜ್ಜಿ' ಸೇರಿಸಿದೆ. ಅದರ ಅರ್ಥ ಕೇಳಿ ತಿಳಿದ ಮೇಲೆ, ಬರೀ ನೋರಾ ಎಂದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ನೀವೂ ಬಾಡಿಗೆ ಮನೆಗಳಲ್ಲಿ ಬೆಳೆದವರಾದರೆ ಗೊತ್ತಿರುತ್ತದೆ, ನಮ್ಮದಲ್ಲದ ಮನೆಯೇ ಕೆಲವೊಮ್ಮೆ ಹೆಚ್ಚು ನೆನಪಿರುತ್ತದೆ.

ಆ ಕೋಣೆಯಲ್ಲಿ ಒಂದು ಕುದುರೆ ಜೀನು, ಒಂದು ಫೋಟೊ, ಒಂದು ಕಟ್ಟು ಪತ್ರ ಇದ್ದವು. ಮೂರೂ ಅವರ ಮುತ್ತಾತ ಕ್ಯಾಪ್ಟನ್ ಸಾಹೇಬರವು. ಇದೇ ಊರು ಬಿಟ್ಟು ಹಡಗು ಹತ್ತಿ ಅಮೆರಿಕಕ್ಕೆ ಹೋದವರು, ಕುದುರೆ ಪಳಗಿಸುತ್ತ ಜಮೀನ್ದಾರನೊಬ್ಬನ ಮಗಳನ್ನು ಮದುವೆಯಾದವರು, ಅಲ್ಲಿ ಅಂತರ್ಯುದ್ಧವಾದಾಗ ಗುಲಾಮರನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದವರ ಸೈನ್ಯದಲ್ಲಿ ಕುದುರೆ ದಳದ ಅಧಿಕಾರಿಯಾದವರು. ಸೋತ ಮೇಲೆ ಹೆಂಡತಿ ಮಗನೊಂದಿಗೆ ಊರಿಗೆ ಮರಳಿದರು. ಇದರಲ್ಲಿ ಗುಲಾಮರ ಮಾತನ್ನು ನಾನು ದೊಡ್ಡವಳಾದ ಮೇಲೆ ಸೇರಿಸಿಕೊಂಡೆ. ಅಜ್ಜಿಯ ಕಥೆಯಲ್ಲಿ ಬರೀ ಕುದುರೆಗಳಿದ್ದವು. ಪ್ರತಿ ಶನಿವಾರ ನಾವಿಬ್ಬರೂ ಜೀನಿಗೆ ಮೇಣ ಉಜ್ಜುತ್ತಿದ್ದೆವು. ಅವರ ಕಣ್ಣು ಮಂಜಾಗಿದ್ದರಿಂದ ಯುದ್ಧದಿಂದ ಹೆಂಡತಿಗೆ ಕ್ಯಾಪ್ಟನ್ ಬರೆದ ಪತ್ರಗಳನ್ನು ನಾನು ಓದಬೇಕಿತ್ತು. ನದಿ ದಾಟಿದ್ದು, ಹೆಣ್ಣುಕುದುರೆಗೆ ಗುಂಡು ತಗುಲಿದ್ದು, ಎಲ್ಲ ಅವರಿಗೆ ಬಾಯಿಪಾಠ. ನಾನು ತಡವರಿಸಿದರೆ ಅವರೇ ಮುಂದಿನ ಸಾಲು ಹೇಳಿಬಿಡುತ್ತಿದ್ದರು. ಒಂದು ಪತ್ರ ಬಂದಾಗ ಮಾತ್ರ, "ಅದು ಬಿಡು. ಅದ್ರಲ್ಲಿ ಬರೀ ಅಡುಗೆಮನೆ ಮಾತು" ಎನ್ನುತ್ತಿದ್ದರು.

ಬಿಡು ಎಂದರೆ ಬಿಡುವ ಜಾತಿಯಲ್ಲ ನಾನು. ಅವರು ಟೀಗೆ ನೀರಿಡಲು ಹೋದಾಗ ಓದಿಯೇಬಿಟ್ಟೆ. ನಿಜಕ್ಕೂ ಅಡುಗೆಮನೆಯ ಮಾತೇ. ಅಡುಗೆಯ ಡೈನಾ ಮಗಳನ್ನು ನೋಡಬೇಕೆಂದು ಅಳುತ್ತಾಳೆಂದು ಹೆಂಡತಿ ಬರೆದಿದ್ದಿರಬೇಕು. ಆ ಮಗಳನ್ನು ಇಪ್ಪತ್ತು ಮೈಲಿಯಾಚೆ ಹೆಂಡತಿಯ ತಂಗಿಯ ಮನೆಗೆ ಕೊಟ್ಟುಬಿಟ್ಟಿದ್ದರು. ಕಳಿಸಬೇಡ, ಹೋದರೆ ಅಡುಗೆ ಯಾರು ಮಾಡುತ್ತಾರೆ, ನಾನು ಬರುವವರೆಗೆ ಕಾಯಲಿ ಎಂದು ಕ್ಯಾಪ್ಟನ್ ಉತ್ತರಿಸಿದ್ದರು. ಒಬ್ಬರ ಮಗಳನ್ನು ಇನ್ನೊಬ್ಬರು ಹೇಗೆ ಕೊಡುತ್ತಾರೆ ಎಂಬುದು ನನ್ನ ತಲೆಗೆ ಹತ್ತಲಿಲ್ಲ. ಡೈನಾ ಹೋದಳೋ ಇಲ್ಲವೋ ಎಂದು ಉಳಿದ ಪತ್ರಗಳಲ್ಲೆಲ್ಲ ಹುಡುಕಿದೆ, ಅವಳ ಸುದ್ದಿಯೇ ಇರಲಿಲ್ಲ.

ಆ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಅಪ್ಪ ಹಿತ್ತಲಲ್ಲಿ ಎಳ್ಳುನೀರು ಬಿಡುತ್ತಿದ್ದಾಗ, ಎಲ್ಲರದೂ ಮುಗಿದ ಮೇಲೂ ಒಂದು ಬೊಗಸೆ ಬಿಟ್ಟರು. ಯಾರಿಗೆ ಎಂದು ಕೇಳಿದೆ. "ಯಾರೂ ಇಲ್ದೋರಿಗೆ ಕಣಮ್ಮ. ಅವರಿಗೆ ನಾವಲ್ದೆ ಇನ್ಯಾರು ಬಿಡ್ತಾರೆ?" ಎಂದರು. ಮುಂದಿನ ತಿಂಗಳೇ ನವೆಂಬರ್, ಐರಿಷರಿಗೆ ಅದು ತೀರಿಹೋದವರ ತಿಂಗಳು. ಸತ್ತವರ ಹೆಸರು ಬರೆದು ಲಕೋಟೆಯಲ್ಲಿ ಚರ್ಚಿಗೆ ಕೊಟ್ಟರೆ ತಿಂಗಳಿಡೀ ಅದು ಬಲಿಪೀಠದ ಮೇಲಿರುತ್ತದೆ. ಅಜ್ಜಿ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಮೊದಲು ಕ್ಯಾಪ್ಟನ್, ಆಮೇಲೆ ಉಳಿದವರು. ಅವರು ನಿಲ್ಲಿಸಿದ ಮೇಲೆ ಅಪ್ಪನ ಹಾಗೆ ನಾನೂ ಒಂದು ಹೆಸರು ಸೇರಿಸಿದೆ. ಒಮ್ಮೆ ಓದು ಎಂದರು, ಓದಿದೆ.

"ಅವಳನ್ನ ಬರಿ ಅಂತ ಯಾರು ಹೇಳಿದ್ದು?"

"ಯಾರೂ ಇಲ್ಲ. ಡೈನಾ ನಿಮ್ಮನೆಯೋಳೇ ಅಲ್ವಾ ಅಜ್ಜಿ?"

ಅವರ ಮುಖ ಕೆಂಪಾಯಿತು. "ಮೇಲಕ್ಕೆ ಹೋಗು" ಎಂದರು. ಚೀಟಿಯನ್ನು ಮಡಚಿ ಹರಿದ ಸದ್ದು ಮೆಟ್ಟಿಲ ಮೇಲಿದ್ದ ನನಗೆ ಕೇಳಿಸಿತು. ಅಮ್ಮ ಬೈದಳು: "ಅವರ ಮನೆ ವಿಚಾರ ನಿನಗ್ಯಾಕೆ ಬೇಕಿತ್ತು? ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋದು?" ನನಗೆ ಮನೆಯ ಚಿಂತೆ ಇರಲಿಲ್ಲ. ಇದ್ದ ಒಬ್ಬ ಅಜ್ಜಿಯನ್ನು ಕಳೆದುಕೊಂಡೆನೆಂದು ಅಳು ಬರುತ್ತಿತ್ತು. ಮೂರು ಶನಿವಾರ ಕೆಳಗಿನ ಬಾಗಿಲು ತೆರೆಯಲಿಲ್ಲ.

ನಾಲ್ಕನೆಯ ಶನಿವಾರ ಅವರೇ ಕರೆದರು. ಆ ಪತ್ರ ಮೇಜಿನ ಮೇಲಿತ್ತು. "ಓದು. ನಮ್ಮಮ್ಮನೂ ಪೂರ್ತಿ ಓದಿ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ" ಎಂದರು. ಓದಿದೆ. ಇನ್ನೊಮ್ಮೆ ಎಂದರು. ಪತ್ರ ತೆಗೆದುಕೊಂಡು ಮಡಚುತ್ತ, "ಇಪ್ಪತ್ತು ಮೈಲಿ. ಅವನ ಕುದುರೆಗೆ ಅದೊಂದು ಬೆಳಗಿನ ದಾರಿ" ಎಂದರು. ನಾನು ಹೆದರಿ ಸಾರಿ ಎಂದೆ. "ಯೂ ಆರ್ ಗ್ರ್ಯಾಂಡ್, ಮಗಳೇ" ಎಂದು, ಅಂದರೆ ಅಲ್ಲಿಯವರ ಮಾತಿನಲ್ಲಿ ಪರವಾಗಿಲ್ಲ ಬಿಡು ಎಂದು, ನನ್ನ ಕೈ ಹಿಡಿದುಕೊಂಡರು. ಅಂಥ ತಣ್ಣನೆಯ ಕೈಯನ್ನು ನಾನು ಮತ್ತೆ ಹಿಡಿದಿಲ್ಲ.

ಮರುವರ್ಷ ಅಕ್ಟೋಬರಿನಲ್ಲಿ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆ ಮಾರಾಟವಾಯಿತು, ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ. ಸಾಮಾನು ಸಾಗಿಸಲು ಬಂದ ಅವರ ತಂಗಿಯ ಮಗಳು ನನ್ನ ಹೆಸರಿದ್ದ ಲಕೋಟೆಯೊಂದನ್ನು ಅಮ್ಮನ ಕೈಗೆ ಕೊಟ್ಟಳು. ಒಳಗೆ ಬರಲಿದ್ದ ನವೆಂಬರಿಗೆಂದು ಮಾಡಿಟ್ಟ ಪಟ್ಟಿ. ಕಾಣದ ಕಣ್ಣಲ್ಲಿ, ದಪ್ಪ ಮಾರ್ಕರಿನಲ್ಲಿ, ಒಂದರ ಮೇಲೊಂದು ಏರಿದ ಅಕ್ಷರಗಳಲ್ಲಿ ಅವರೇ ಬರೆದದ್ದು. ಕ್ಯಾಪ್ಟನ್ ಹೆಸರು ಕೆಳಗೆಲ್ಲೋ ಇತ್ತು. ಮೊದಲ ಸಾಲಿನಲ್ಲಿ 'ಡೈನಾ ಮತ್ತು ಅವಳ ಮಗಳು' ಎಂದಿತ್ತು. ಅದರ ಮುಂದೆ ಒಂದು ಹೆಸರು ಹಿಡಿಸುವಷ್ಟು ಜಾಗ ಬಿಟ್ಟಿದ್ದರು. ಆ ಹೆಸರು ಯಾವ ಪತ್ರದಲ್ಲೂ ಇರಲಿಲ್ಲವೆಂದು ನನಗೆ ಗೊತ್ತಿತ್ತು. ಕೊನೆಯಲ್ಲಿ ನೋರಾ ಎಂದು ಬರೆದು, ಅಳುತ್ತಲೇ ಪಕ್ಕದಲ್ಲಿ ಅಜ್ಜಿ ಎಂದು ಸೇರಿಸಿ, ಮೇಲಿನ ಜಾಗವನ್ನು ಹಾಗೇ ಬಿಟ್ಟು, ಚರ್ಚಿಗೆ ಕೊಡಲು ಲಕೋಟೆ ಅಂಟಿಸಿದೆ.